ಗೇಣುದ್ದದ ಲಾರಿ

ಅಮೆರಿಕದ ಕಿಟ್ ಪೆಟ್ಟಿಗೆಯಲ್ಲಿ ಬರುವ ಗಾಡಿಗೆ ಸ್ಟೀರಿಂಗ್ ಎಡಕ್ಕಿರುತ್ತದೆ. ಅದನ್ನು ಬಲಕ್ಕೆ ತರುವುದೇ ನನ್ನ ಮೊದಲ ಕೆಲಸ. ಡ್ಯಾಶ್‌ಬೋರ್ಡನ್ನು ನಡುವೆ ಕೊಯ್ದು ಅದಲು ಬದಲು ಮಾಡಿ ಅಂಟಿಸಬೇಕು, ಪೆಡಲ್ ಕಿತ್ತು ಈಚೆ ಕೂರಿಸಬೇಕು, ಸಂದಿಗೆ ಪುಟ್ಟಿ ತುಂಬಿ ವಾಟರ್ ಪೇಪರಿನಲ್ಲಿ ತಿಕ್ಕಬೇಕು. ಬಾಗಿಲು ಮುಚ್ಚಿದ ಮೇಲೆ ಇದ್ಯಾವುದೂ ಕಾಣುವುದಿಲ್ಲ, ನಿಜ. ಆದರೆ ಎಡಗಡೆ ಸ್ಟೀರಿಂಗಿನ ಲಾರಿ ಹೊಸನಗರದ ದಾರಿಯಲ್ಲಿ ಎಂದೂ ಓಡಿಲ್ಲ. ಓಡದ ಲಾರಿಯನ್ನು ನಾನೇಕೆ ಮಾಡಲಿ?

ಸಾಗರದ ಬಿ.ಎಚ್. ರಸ್ತೆಗೆ ಹತ್ತಿರದ ಒಂದು ಅಡ್ಡರಸ್ತೆಯಲ್ಲಿ ನನ್ನದು ಆಟೋ ಎಲೆಕ್ಟ್ರಿಕಲ್ ಅಂಗಡಿ. ಡೈನಮೋ, ಸೆಲ್ಫ್ ಮೋಟರ್, ಹಾರ್ನ್, ಬ್ಯಾಟರಿ ಚಾರ್ಜು. ಬೇಸಿಗೆಯಲ್ಲಿ ಕೈತುಂಬ ಕೆಲಸ. ಆಷಾಢದ ಜಡಿಮಳೆ ಹಿಡಿದರೆ ಗಿರಾಕಿ ಅಪರೂಪ. ಆಗ ಬೆಂಚಿನ ಮೇಲಿನ ಟೆಸ್ಟರನ್ನು ಬದಿಗೆ ಸರಿಸಿ ಬ್ಲೇಡು, ಚಿಮ್ಮಟ, ಸಣ್ಣ ಅರ ಹರಡಿಕೊಂಡು ಕೂರುತ್ತೇನೆ. "ಎಂತ ಮಾರಾಯ, ಮಕ್ಕಳ ಆಟಿಕೆ ಮಾಡ್ತಾ ಕೂತಿದೀಯಲ್ಲ" ಎಂದು ಹೋಗಿ ಬರುವವರು ನಗುತ್ತಾರೆ. ಆಟಿಕೆಗೂ ಮಾದರಿಗೂ ಇರುವ ವ್ಯತ್ಯಾಸ ಸ್ಕೇಲಿನದು.

ಆಟಿಕೆಯ ಲಾರಿಗೆ ಚಕ್ರ ಸ್ವಲ್ಪ ದೊಡ್ಡದಿದ್ದರೆ ಯಾರೂ ಕೇಳುವುದಿಲ್ಲ. ಮಾದರಿಯಲ್ಲಿ ಎಲ್ಲವೂ ಒಂದೇ ಲೆಕ್ಕದಲ್ಲಿ ಕುಗ್ಗಬೇಕು. ನಾನು ಹಿಡಿದಿರುವುದು 1:24, ಅಂದರೆ ಒಂದು ಅಡಿಗೆ ಅರ್ಧ ಇಂಚು. 20 ಅಡಿಯ ಲಾರಿ 10 ಇಂಚಿಗೆ, ಗೇಣಿಗಿಂತ ತುಸು ಹೆಚ್ಚಿಗೆ, ಬರುತ್ತದೆ. 3 ಅಡಿ ಎತ್ತರದ ಟೈರು ಒಂದೂವರೆ ಇಂಚು, ಐದೂವರೆ ಅಡಿಯ ಡ್ರೈವರು ಎರಡೂಮುಕ್ಕಾಲು ಇಂಚು. ಇಲ್ಲಿಯವರೆಗೆ ಬರೀ ಭಾಗಾಕಾರ. ಕಷ್ಟ ಶುರುವಾಗುವುದು ಕುಗ್ಗಲು ಒಪ್ಪದ ವಸ್ತುಗಳಿಂದ. ಮಾದರಿಯ ಮೇಲೆ ಬಣ್ಣ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು ದಪ್ಪಕ್ಕೆ ಕೂತರೂ ಅಸಲಿ ಲಾರಿಗೆ ಸುಮಾರು ಎರಡೂವರೆ ಮಿಲಿಮೀಟರ್ ಬಳಿದ ಲೆಕ್ಕವಾಗುತ್ತದೆ. ಬಾಗಿಲಿನ ಗೆರೆ, ರಿವೆಟ್ಟು, ಕೀಲು ಎಲ್ಲ ಅದರಡಿ ಹೂತುಹೋಗುತ್ತವೆ. ಮರದ ಎಳೆಯೂ ಅಷ್ಟೆ, ರಸ್ತೆಯ ಮಣ್ಣೂ ಅಷ್ಟೆ. ಅವುಗಳಿಗೆ ಆಮೇಲೆ ಬರುತ್ತೇನೆ.

ಈ ಹವ್ಯಾಸ ಈಗಿನ ರೂಪಕ್ಕೆ ಬಂದದ್ದು ಅಮೆರಿಕದಲ್ಲಿ, ಅದೂ ಕಾರು ಮಾರುವವರ ಕೃಪೆಯಿಂದ. ಅಲ್ಲಿನ ಕಂಪನಿಗಳು ವರ್ಷಕ್ಕೊಂದು ಹೊಸ ಮಾಡೆಲ್ ಬಿಡುತ್ತಿದ್ದ ಕಾಲ. ಶೋರೂಮಿಗೆ ಬಂದವರಿಗೆ ತೋರಿಸಲು, ಜೊತೆಗೆ ಬಂದ ಮಕ್ಕಳ ಕೈಗಿಡಲು ಪ್ಲಾಸ್ಟಿಕ್ಕಿನ ಪುಟ್ಟ ಕಾರು ಮಾಡಿಸುತ್ತಿದ್ದರು. 1948ರಲ್ಲಿ ಶುರುವಾದ ಎಎಂಟಿ ಎಂಬ ಕಂಪನಿಯ ಕಸುಬು ಅದೇ ಆಗಿತ್ತು. 1958ರಲ್ಲಿ ಅದು ಕಾರನ್ನು ಬಿಡಿಭಾಗಗಳಾಗಿ ಪೆಟ್ಟಿಗೆಗೆ ತುಂಬಿ, ಒಂದೇ ಕಿಟ್ಟಿನಿಂದ ಮೂರು ಬಗೆಯಲ್ಲಿ ಕಟ್ಟಬಹುದು ಎಂದು ಮಾರತೊಡಗಿತು. ಹುಡುಗರು ಮುಗಿಬಿದ್ದರು. ಆಮೇಲೆ ಪೀಟರ್‌ಬಿಲ್ಟ್, ಕೆನ್‌ವರ್ತ್‌ನಂಥ ಉದ್ದ ಮೂತಿಯ ಭಾರೀ ಲಾರಿಗಳೂ ಬಂದವು. ಅಮೆರಿಕದವರ ಸ್ಕೇಲು ಹೆಚ್ಚಾಗಿ 1:25. ಜಪಾನಿನ ತಮಿಯಾ, ಇಟಲಿಯ ಇಟಲೇರಿಯವರದು 1:24. ಎರಡಕ್ಕೂ ನೂರಕ್ಕೆ ನಾಲ್ಕರಷ್ಟು ವ್ಯತ್ಯಾಸ. ಶುದ್ಧಾಚಾರದವರು ಇವೆರಡನ್ನು ಬೆರೆಸುವುದಿಲ್ಲ. ನಾನು ಧಾರಾಳವಾಗಿ ಬೆರೆಸುತ್ತೇನೆ.

ನಮ್ಮ ದೇಶದಲ್ಲಿ ಕಿಟ್ ಕಟ್ಟುವ ಚಾಳಿ ಬೇರು ಬಿಡಲಿಲ್ಲ. 1960ರ ದಶಕದ ಕೊನೆಯ ಹೊತ್ತಿಗೆ ಕಲ್ಕತ್ತದ ಅಟಾಮ್ಕೊ ಎಂಬ ಸಂಸ್ಥೆ ಇಂಗ್ಲೆಂಡಿನ ಡಿಂಕಿ ಕಂಪನಿಯ ಹಳೆಯ ಅಚ್ಚು ತರಿಸಿ ‘ನಿಕ್ಕಿ ಟಾಯ್ಸ್’ ಹೆಸರಿನಲ್ಲಿ ಲೋಹದ ಕಾರು ಎರಕ ಹೊಯ್ದಿತು. ಇವತ್ತು ಅದಕ್ಕೆ ಸಂಗ್ರಾಹಕರು ಮುಗಿಬೀಳುತ್ತಾರೆ. ನಾವು ಹುಡುಗರಾಗಿದ್ದಾಗ ಇಲ್ಲಿ ಅವು ಕಣ್ಣಿಗೂ ಬೀಳಲಿಲ್ಲ. ಸವೆದ ಹವಾಯಿ ಚಪ್ಪಲಿಯನ್ನು ದುಂಡಗೆ ಕೊಯ್ದರೆ ಚಕ್ರ, ಬೆಂಕಿಪೊಟ್ಟಣ ಜೋಡಿಸಿದರೆ ಲಾರಿ. ಚಪ್ಪಲಿಯ ರಬ್ಬರನ್ನು ನಾನು ಈಗಲೂ ಬಿಟ್ಟಿಲ್ಲ. ಡ್ರಿಲ್ಲಿಗೆ ಸಿಕ್ಕಿಸಿ ತಿರುಗಿಸುತ್ತ ಉಜ್ಜಿದರೆ ಒಂದೂವರೆ ಇಂಚಿನ ಟೈರು ಸೊಗಸಾಗಿ ಬರುತ್ತದೆ.

ಮಲೆನಾಡಿಗೂ ಅಮೆರಿಕದ ಗಾಡಿಗೂ ಎಲ್ಲಿಯ ಸಂಬಂಧ ಎಂದು ಕೇಳುವವರಿದ್ದಾರೆ. ಸಂಬಂಧ ಹಳೆಯದು. ಜನರಲ್ ಮೋಟರ್ಸ್ 1928ರಲ್ಲೇ ಮುಂಬಯಿಯ ಶಿವ್ಡಿಯಲ್ಲಿ ಕಾರ್ಖಾನೆ ತೆರೆದು ಶೆವರ್ಲೆ ಜೋಡಿಸುತ್ತಿತ್ತು. ವಾಲ್‌ಚಂದ್ ಹೀರಾಚಂದರು 1944ರಲ್ಲಿ ಕಟ್ಟಿದ ಪ್ರೀಮಿಯರ್ ಕಂಪನಿ ಕ್ರೈಸ್ಲರ್ ಜೊತೆ ಸೇರಿ ಡಾಜ್, ಪ್ಲಿಮತ್ ಕಾರುಗಳನ್ನೂ ಫಾರ್ಗೊ ಲಾರಿಗಳನ್ನೂ ಹೊರತಂದಿತು. ಹಿಂದುಸ್ತಾನ್ ಮೋಟರ್ಸ್‌ನವರು ಸ್ಟುಡಿಬೇಕರ್ ಜೋಡಿಸಿದರು. ‘ಅಣ್ಣನ ನೆನಪು’ ಓದಿದವರಿಗೆ ಕುವೆಂಪು ಅವರ ಸ್ಟುಡಿಬೇಕರ್ ಕಾರು ಗೊತ್ತೇ ಇದೆ. 1947ರ ಸ್ಟುಡಿಬೇಕರಿನ ಒಂದು ಮಾದರಿಗೆ ಹಿಂದಿನ ಗಾಜು ಸುತ್ತ ಬಳಸಿಕೊಂಡು ಬಂದಿತ್ತು. ಇದು ಬರುತ್ತಿದೆಯೋ ಹೋಗುತ್ತಿದೆಯೋ ಎಂದು ಅಮೆರಿಕದವರೇ ತಮಾಷೆ ಮಾಡುತ್ತಿದ್ದರಂತೆ. ಹಳೆಯ ಕಾರುಗಳ ಅಂಗಾಂಗ ನೋಡಬೇಕೆನಿಸಿದಾಗ ನಾನು ಆಗುಂಬೆ ಘಾಟಿಯ 14 ತಿರುವು ಇಳಿದು ಧರ್ಮಸ್ಥಳಕ್ಕೆ ಹೋಗುತ್ತೇನೆ. ಅಲ್ಲಿಯ ಮಂಜೂಷಾ ಸಂಗ್ರಹದ ಕಾರುಗಳ ಮುಂದೆ ಅರ್ಧ ದಿನ ನಿಂತರೂ ಸಾಲದು.

ಆದರೆ ನಮ್ಮ ಕಡೆ ಓಡಿದ ಫಾರ್ಗೊ ಪೂರ್ತಿ ಅಮೆರಿಕದ್ದಾಗಿರಲಿಲ್ಲ. ಕಂಪನಿಯಿಂದ ಬರುತ್ತಿದ್ದದ್ದು ಚಾಸಿ, ಇಂಜಿನ್, ಬಾನೆಟ್ಟು, ಗಾಜಿನ ಕೆಳಗಿನ ತಗಡು, ಅಷ್ಟೆ. ಮೇಲಿನದನ್ನೆಲ್ಲ ಬಾಡಿ ಕಟ್ಟುವ ಬಡಗಿಗಳು ಮರದಲ್ಲಿ ಮಾಡುತ್ತಿದ್ದರು. ಹಣೆಯ ಮೇಲೆ ದೇವರ ಹೆಸರು, ಹಿಂದೆ ‘ಹಾರ್ನ್ ಪ್ಲೀಸ್’, ‘ಎಂವೈ’ ಎಂದು ಶುರುವಾಗುವ ಮೈಸೂರು ರಾಜ್ಯದ ನಂಬರು. ಹಾಗಾಗಿ ದುಡ್ಡು ಸುರಿದು ತರಿಸಿದ 1950ರ ಶೆವರ್ಲೆ ಪಿಕಪ್ಪಿನ ಕಿಟ್ಟಿನಲ್ಲಿ ನನಗೆ ದಕ್ಕುವುದು ಮೂತಿ, ಇಂಜಿನ್ನು, ಮುಂದಿನ ಆಕ್ಸೆಲ್ಲು. ಉಳಿದ ಹೊಳೆಹೊಳೆಯುವ ಪ್ಲಾಸ್ಟಿಕ್ಕೆಲ್ಲ ಡಬ್ಬಕ್ಕೆ. ಫಾರ್ಗೊಗಂತೂ ನನಗೆ ಕಿಟ್ಟೇ ಸಿಕ್ಕಿಲ್ಲ, ಅದರ ಮೂತಿಯನ್ನು ಮರದಲ್ಲೇ ಕೆತ್ತಬೇಕು.

ಮರದ ಪಾಠ ನನಗಾದದ್ದು ಗುಡಿಗಾರರಿಂದ. ಸಾಗರ, ಸೊರಬದ ಗುಡಿಗಾರರು ಗಂಧದ ಕೆತ್ತನೆಗೆ ಹೆಸರಾದವರು. ಅವರಲ್ಲೊಬ್ಬ ಹಿರಿಯರು ನನ್ನ ಸಾಗವಾನಿ ತುಂಡನ್ನು ತಿರುಗಿಸಿ ನೋಡಿ, "ಇದರ ಎಳೆ ನೋಡು, ನಿನ್ನ ಲೆಕ್ಕದಲ್ಲಿ ಒಂದೊಂದೂ ಹಗ್ಗದಷ್ಟು ದಪ್ಪ ಆಯ್ತು. ಶಿವನಿ ತಗಾ" ಎಂದರು. ಶಿವನಿಯ ಎಳೆ ನಯ, ಉಳಿಗೆ ಹಠ ಮಾಡದೆ ಬಗ್ಗುತ್ತದೆ. ಬಾಡಿಯ ಹಲಗೆಗಳಿಗೆ ಅದನ್ನೇ ಒಂದು ಮಿಲಿಮೀಟರಿಗೆ ಸೀಳಿ, ಅಂಚಿಗೆ ಬೋಲ್ಟಿನ ತಲೆಯ ಬದಲು ಗುಂಡುಸೂಜಿಯ ತಲೆ ಕೂರಿಸುತ್ತೇನೆ. ಹೊಸ ಹಲಗೆ ಹೊಸದಾಗಿ ಕಂಡರೆ ಕೆಲಸ ಅರ್ಧವೇ ಆದ ಹಾಗೆ. ನಾಟಾ ಹೊತ್ತ ಲಾರಿಯ ತಳ ಸುಲಿದಿರಬೇಕು, ಅಡಿಕೆ ಮೂಟೆ ಹೊತ್ತದ್ದರ ಪಕ್ಕದ ಹಲಗೆ ಉಜ್ಜಿ ನುಣುಪಾಗಿರಬೇಕು. ಯಾವ ಸರಕು ಎಂದು ಮೊದಲೇ ತೀರ್ಮಾನವಾಗದಿದ್ದರೆ ಸವೆತ ಎಲ್ಲಿ ಎಂದು ಗೊತ್ತಾಗುವುದಿಲ್ಲ.

ಕೆಂಪು ಮಣ್ಣು ಮಲೆನಾಡಿನಲ್ಲಿ ಪುಕ್ಕಟೆ. ಹಾಗಂತ ಅಂಗಳದ ಮಣ್ಣನ್ನು ನೇರ ಬಳಿದರೆ ಒಂದೊಂದು ಕಣವೂ 1:24ರಲ್ಲಿ ಜಲ್ಲಿಯಾಗಿ ಕಾಣುತ್ತದೆ. ಒಣಗಿಸಿ, ಕಲ್ಲಿನಲ್ಲಿ ಅರೆದು, ನಾಟಿ ವೈದ್ಯರ ಹಾಗೆ ವಸ್ತ್ರಗಾಲಿತ ಮಾಡಿ, ಆ ಧೂಳನ್ನು ಸ್ಪಿರಿಟ್ಟಿನಲ್ಲಿ ಕಲಸಿ ಬ್ರಷ್ಷಿನಿಂದ ಇಡಬೇಕು. ಮಡ್‌ಗಾರ್ಡಿನ ಒಳಗೆ ದಪ್ಪ, ಬಾಗಿಲ ಕೆಳಗೆ ತೆಳು, ಬಾನೆಟ್ಟಿನ ಮೇಲೆ ಬರೀ ಛಾಯೆ. ಹೊಸನಗರದ ಮಣ್ಣಿಗೂ ತೀರ್ಥಹಳ್ಳಿಯ ಮಣ್ಣಿಗೂ ಬಣ್ಣದಲ್ಲಿ ವ್ಯತ್ಯಾಸವಿದೆ ಎಂದು ನಾನು ವಾದಿಸುತ್ತೇನೆ, ಮನೆಯಲ್ಲಿ ಯಾರೂ ಒಪ್ಪುವುದಿಲ್ಲ.

ಬಣ್ಣದ ಗೋಳು ಬೇರೆ. ಎನ್.ಸಿ. ಪೇಂಟಿನ ಥಿನ್ನರ್ ಸರ್ರನೆ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯ ತೇವ ಬಂದು ಅಲ್ಲಿ ಕೂತು ಬಣ್ಣ ಬೆಳ್ಳಗೆ ಬಿಳಿಚಿಕೊಳ್ಳುತ್ತದೆ. ನಮ್ಮ ಜುಲೈಗೆ ಅದು ಹೇಳಿ ಮಾಡಿಸಿದ ಕಾಯಿಲೆ. ಅದಕ್ಕೆ ಬಿಸ್ಕತ್ತಿನ ತಗಡಿನ ಡಬ್ಬಕ್ಕೆ 40 ವಾಟಿನ ಬಲ್ಬು ಹಾಕಿ ಒಣಗಿಸುವ ಪೆಟ್ಟಿಗೆ ಮಾಡಿಕೊಂಡಿದ್ದೇನೆ. ಕರೆಂಟು ಹೋದರೆ ಬಚ್ಚಲೊಲೆಯ ಪಕ್ಕದ ಗೂಡೇ ಗತಿ. ಆ ಥಿನ್ನರ್ ಪ್ಲಾಸ್ಟಿಕ್ಕನ್ನೂ ಕರಗಿಸುವುದರಿಂದ ಕಿಟ್ಟಿನ ಭಾಗಗಳಿಗೆ ಮೊದಲು ಪ್ರೈಮರನ್ನು ತೀರಾ ತೆಳ್ಳಗೆ, ದೂರದಿಂದ ಹೊಡೆಯಬೇಕು.

ಈ ಹುಚ್ಚಿನಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಸಮಯ ಕೊಟ್ಟದ್ದು ಅಮೆರಿಕದ್ದಲ್ಲದ ಒಂದು ಲಾರಿಗೆ. ಅಮ್ಮನ ತವರು ಹೊಸನಗರ ತಾಲ್ಲೂಕಿನಲ್ಲಿತ್ತು, ಈಗ ಲಿಂಗನಮಕ್ಕಿಯ ಹಿನ್ನೀರಿನ ಅಡಿಯಲ್ಲಿದೆ. ಆಣೆಕಟ್ಟು ಮುಗಿದದ್ದು 1964ರಲ್ಲಿ. ಅದಕ್ಕೆ ಮುಂಚೆಯೇ ಊರುಗಳನ್ನು ಲಾರಿಗೆ ತುಂಬಿ ಬೇರೆ ಕಡೆ ಇಳಿಸಿದ ಕಥೆ ಈ ಸೀಮೆಯ ಮನೆಮನೆಯಲ್ಲೂ ಇದೆ. ಅಮ್ಮ ಆಗ ಸಣ್ಣವಳು. ಪಾತ್ರೆಯ ಗೋಣಿ, ಮುಚ್ಚಿಗೆಯ ಹಲಗೆ, ಕಟ್ಟಿಹಾಕಿದ ಕರುವಿನ ನಡುವೆ ಕೂತು ಬಂದವಳು. ಆ ಲಾರಿಯನ್ನು ಮಾಡಬೇಕೆಂದು ನನಗೆ ಆಸೆ. ಫಾರ್ಗೊ ಇರಬೇಕು ಎಂದು ಮೊದಲೇ ನಿಶ್ಚಯಿಸಿಕೊಂಡು ಚಿತ್ರಗಳನ್ನು ಅವಳ ಮುಂದೆ ಹರಡಿದೆ.

"ಇದಲ್ಲನಾ. ಉದ್ದ ಮೂತಿ ಹೌದು. ಮೂತಿಗೆ ಬಳೆ ಇತ್ತು, ಬಳೆ ಒಳಗೆ ಮೂರು ಕಡ್ಡಿ. ಮಳೆನೀರು ಅದರಲ್ಲಿ ನಿಂತು ತೊಟ್ಟಿಕ್ತಿತ್ತು."

ಬಳೆಯೊಳಗೆ ಮೂರು ಕಡ್ಡಿ ಎಂದರೆ ಬೆಂಜ್ ನಕ್ಷತ್ರ. ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಜಮ್‌ಶೆಡ್‌ಪುರದಲ್ಲಿ 1954ರಿಂದ ಲಾರಿ ಮಾಡುತ್ತಿದ್ದರು. 1969ರಲ್ಲಿ ಆ ಒಪ್ಪಂದ ಮುಗಿದ ಮೇಲೆ ನಕ್ಷತ್ರ ಹೋಗಿ ಟಾಟಾದ ಗುರುತು ಬಂತು. ಅಮೆರಿಕದ ಲಾರಿಗಳನ್ನು ನಮ್ಮ ರಸ್ತೆಗಳಿಂದ ನಿಧಾನಕ್ಕೆ ಓಡಿಸಿದ್ದು ಈ ಡೀಸೆಲ್ ಬೆಂಜೇ. ನಕ್ಷತ್ರವನ್ನು ನಾನು ಸುಟ್ಟುಹೋದ ಹಾರ್ನಿನ ತಾಮ್ರದ ತಂತಿಯಿಂದ ಬೆಸೆದೆ. ಕೊತ್ತಂಬರಿ ಬೀಜಕ್ಕಿಂತ ತುಸು ದೊಡ್ಡದು. ಲಾರಿ ಮುಗಿದ ಮೇಲೆ ಅಮ್ಮ ಕನ್ನಡಕ ಹಾಕಿಕೊಂಡು ಸುತ್ತಲೂ ನೋಡಿ, ಹಿಂದೆ ಕರು ಕಟ್ಟಲು ಕೊಂಡಿ ಎಲ್ಲಿ ಎಂದು ಕೇಳಿದಳು. ಹಾಕಿದೆ.

ಅಮೆರಿಕದ ಗಾಡಿ ಇನ್ನೂ ಜೀವಂತವಾಗಿ ದುಡಿಯುತ್ತಿರುವುದನ್ನು ನೋಡಬೇಕಾದರೆ ಕೊಡಚಾದ್ರಿಗೆ ಹೋಗಬೇಕು. ಮಹೀಂದ್ರಾದವರು 1947ರಲ್ಲಿ ಜೋಡಿಸಲು ಹಿಡಿದ ವಿಲ್ಲೀಸ್ ಜೀಪಿನ ಮಕ್ಕಳು ಮೊಮ್ಮಕ್ಕಳು ಆ 1343 ಮೀಟರ್ ಎತ್ತರದ ಬೆಟ್ಟಕ್ಕೆ ಪ್ರವಾಸಿಗಳನ್ನು ಹೊತ್ತು ಏರುತ್ತವೆ. ಹೊಸದಾಗಿ ಕಲಿಯುವವರಿಗೆ ನಾನು ಹೇಳುವುದು ಜೀಪಿನಿಂದ ಶುರುಮಾಡಿ ಎಂದೇ. ಎಲ್ಲ ಚಪ್ಪಟೆ ತಗಡು, ಬಾಗು ಬಳುಕು ಇಲ್ಲ. ಎರಡು ಆಕ್ಸೆಲ್ಲುಗಳ ಅಂತರ 80 ಇಂಚು, 1:24ರಲ್ಲಿ 85 ಮಿಲಿಮೀಟರ್. ಮೂತಿಯ ಸೀಳು ಎಣಿಸಿದರೆ ಮಿಲಿಟರಿ ವಿಲ್ಲೀಸಿಗೆ ಒಂಬತ್ತು, ನಾಗರಿಕರ ಜೀಪಿಗೆ ಏಳು. ಮಹೀಂದ್ರಾ ಬಹುಕಾಲ ಮಾಡಿದ ಸಿಜೆ-3ಬಿಗೆ ಬಾನೆಟ್ಟು ಎತ್ತರ, ಒಳಗಿನ ಇಂಜಿನ್ನು ಎತ್ತರದ್ದಾದ್ದರಿಂದ. ಸನ್‌ಬೋರ್ಡು, ಕಟ್ಟರು, ಫೆವಿಕ್ವಿಕ್ಕು, ಸ್ಟೀಲ್ ಸ್ಕೇಲು ಇದ್ದರೆ ಸಾಕು. ವಿದೇಶದ ಕಿಟ್ಟಿಗೆ ಸಾವಿರಗಟ್ಟಲೆ ಸುರಿಯಬೇಕಿಲ್ಲ.

ಈಗಿನ ಹುಡುಗರು ಸನ್‌ಬೋರ್ಡಿನಲ್ಲಿ ಬಸ್ಸು ಕಟ್ಟುತ್ತಾರೆ. ತೀರ್ಥಹಳ್ಳಿಯ ಕಾಲೇಜು ಹುಡುಗನೊಬ್ಬ ‘ಸಹಕಾರ ಸಾರಿಗೆ’ಯ ಬಸ್ಸು ಮಾಡಿ ತಂದು ತೋರಿಸಿದ. ಕೊಪ್ಪದಲ್ಲಿ 1991ರಲ್ಲಿ ಕಾರ್ಮಿಕರೇ ಕಟ್ಟಿ ನಡೆಸಿ, 2020ರಲ್ಲಿ ನಿಂತುಹೋದ ಸಂಸ್ಥೆ ಅದು. ಒಳಗಿನ ಸೀಟು, ಊರಿನ ಬೋರ್ಡು, ಎಲ್ಲ ಇತ್ತು. ಕಿಟಕಿಯ ಸರಳು ಮಾತ್ರ ತೀರಾ ದಪ್ಪ. ಹೇಳಿದೆ, ಅವನು ಮೊಬೈಲಿನಲ್ಲಿ ಅಸಲಿ ಬಸ್ಸಿನ ಫೋಟೋ ತೆಗೆದು, ಅಳೆದು, ಇಲ್ಲ ಸಾರ್ ಸರಿ ಇದೆ ಎಂದು ವಾದಕ್ಕೆ ನಿಂತ. ಇಂಥವನೊಬ್ಬ ಸಿಕ್ಕರೆ ಮಳೆಗಾಲ ಕಳೆದದ್ದೇ ತಿಳಿಯುವುದಿಲ್ಲ.

ಸದ್ಯ ಬೆಂಚಿನ ಮೇಲಿರುವುದು ಇದ್ದಿಲ ಬಸ್ಸು. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸುಗಳಿಗೆ ಇದ್ದಿಲಿನ ಒಲೆ ಕಟ್ಟಿ, ಅದರ ಗ್ಯಾಸಿನಲ್ಲಿ ಇಂಜಿನ್ ಓಡಿಸುತ್ತಿದ್ದರು. ಇದ್ದಿಲು ಕಡಿಮೆ ಗಾಳಿಯಲ್ಲಿ ಉರಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದನ್ನು ತಣಿಸಿ, ಬೂದಿ ಸೋಸಿ ಇಂಜಿನ್ನಿಗೆ ಎಳೆದುಕೊಳ್ಳುವುದು. ಪೆಟ್ರೋಲಿನ ಶಕ್ತಿ ಅದಕ್ಕಿಲ್ಲ. ಏರಿನಲ್ಲಿ ಜನ ಇಳಿದು ತಳ್ಳಬೇಕಿತ್ತು ಎಂದು ಹಳಬರು ಹೇಳುವುದು ಉತ್ಪ್ರೇಕ್ಷೆಯಲ್ಲ. ಒಲೆಯ ಕೊಳವೆಗೆ ಮಾರ್ಕರ್ ಪೆನ್ನಿನ ಕವಚ ಸರಿಹೋಯಿತು. ಬ್ಲೋವರ್ ತಿರುಗಿಸುವ ಹಿಡಿಯನ್ನು ತಂತಿಯಲ್ಲಿ ಬಗ್ಗಿಸಿದ್ದೇನೆ.

ತೊಡಕು ಬಂದಿರುವುದು ಪೈಪಿನದು. ಹಿಂದಿನ ಒಲೆಯಿಂದ ಮುಂದಿನ ಇಂಜಿನ್ನಿಗೆ ಅದು ಚಾಸಿಯ ಯಾವ ಮಗ್ಗುಲಿನಿಂದ ಹೋಗುತ್ತಿತ್ತು, ಸೋಸುವ ಡಬ್ಬ ಎಲ್ಲಿತ್ತು? ಹಳೆಯ ಮನೆಗಳ ಗೋಡೆಯಲ್ಲಿ ಬಸ್ಸಿನ ಫೋಟೋಗಳಿವೆ, ಆದರೆ ಎಲ್ಲರೂ ಬಾನೆಟ್ಟಿನ ಮುಂದೆ ಸಾಲಾಗಿ ನಿಂತು ತೆಗೆಸಿಕೊಂಡವು. ಇದ್ದಿಲು ಮಸಿಯ ಹಿಂಬದಿಗೆ ಹೊಸ ಪಂಚೆ ಉಟ್ಟು ಯಾರು ನಿಲ್ಲುತ್ತಾರೆ? ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಯಾರ ಮನೆಯ ಟ್ರಂಕಿನಲ್ಲಾದರೂ ಬಸ್ಸಿನ ಬೆನ್ನು ಕಾಣುವ ಒಂದು ಫೋಟೋ ಇದ್ದರೆ ಹೇಳಿ. ಒಂದು ಪ್ರತಿ ತೆಗೆದುಕೊಂಡು ಅಸಲನ್ನು ಜೋಪಾನವಾಗಿ ಮರಳಿಸುತ್ತೇನೆ.