ನಿಮಗಿದು ಗೊತ್ತೇ? ಒಂದೇ ಹಾಡಿಗೆ ನೆನಪಾಗುವವರು

ಒಂದೇ ಹಾಡಿನಿಂದ ಜಗತ್ತಿಗೆಲ್ಲ ಪರಿಚಯವಾಗಿ ಆಮೇಲೆ ಮರೆಯಾದ ಗಾಯಕರ ಪಟ್ಟಿಯನ್ನು ಯಾರೇ ಮಾಡಲಿ, 'ಕುಂಗ್ ಫು ಫೈಟಿಂಗ್' ಹಾಡಿದ ಕಾರ್ಲ್ ಡಗ್ಲಸ್ ಅದರಲ್ಲಿ ಇದ್ದೇ ಇರುತ್ತಾರೆ. ಆ ಹಾಡಿಗೆ ರಾಗ ಹಾಕಿ ಧ್ವನಿಮುದ್ರಿಸಿದವರು ಬೆಂಗಳೂರಿನಲ್ಲಿ ಹುಟ್ಟಿ, ದಂಡು ಪ್ರದೇಶದ ಬಿಷಪ್ ಕಾಟನ್ ಶಾಲೆಯಲ್ಲಿ ಓದಿದ ಕೊಡವ ಹುಡುಗ ಬಿದ್ದು ಅಪ್ಪಯ್ಯ ಎಂಬುದು ಗೊತ್ತೇ?

ಬಿದ್ದು ಗಿಟಾರ್ ಹಿಡಿದದ್ದು ರೇಡಿಯೋ ಸಿಲೋನ್‌ನಲ್ಲಿ ಬರುತ್ತಿದ್ದ ಪಾಪ್ ಹಾಡುಗಳ ಹುಚ್ಚಿಗೆ. ಗೆಳೆಯರನ್ನು ಕೂಡಿಸಿಕೊಂಡು 'ಟ್ರೋಜನ್ಸ್' ಎಂಬ ತಂಡ ಕಟ್ಟಿ ಬೆಂಗಳೂರು, ಕಲ್ಕತ್ತಾ, ಬೊಂಬಾಯಿಯಲ್ಲಿ ಹಾಡಿದರು. ತಂಡ ಚದುರಿದ ಮೇಲೆ 'ಲೋನ್ ಟ್ರೋಜನ್' ಎಂಬ ಹೆಸರಿನಲ್ಲಿ ಒಬ್ಬರೇ ವೇದಿಕೆ ಹತ್ತಿದರು. 1967ರಲ್ಲಿ ಲಂಡನ್ ಸೇರಿ, ಅಡುಗೆ ಕೆಲಸ ಮಾಡಿ ಕೂಡಿಟ್ಟ ದುಡ್ಡಿನಲ್ಲಿ ಸ್ಟುಡಿಯೋ ಬಾಡಿಗೆ ಕಟ್ಟಿದರು. ಅವರಿಗೆ ಮೊದಲು ಹೆಸರು ತಂದುಕೊಟ್ಟದ್ದು ಇಂಗ್ಲೆಂಡ್ ಅಲ್ಲ, ಜಪಾನ್. 1969ರಲ್ಲಿ 'ದಿ ಟೈಗರ್ಸ್' ಎಂಬ ಜಪಾನಿ ತಂಡಕ್ಕೆ ಅವರು ಮಾಡಿಕೊಟ್ಟ 'ಸ್ಮೈಲ್ ಫಾರ್ ಮಿ' ಅಲ್ಲಿ ಗೆದ್ದಿತು. ಆ ಹಾಡು ಬರೆದವರು ಬೀ ಗೀಸ್ ತಂಡದ ಬ್ಯಾರಿ ಮತ್ತು ಮಾರಿಸ್ ಗಿಬ್ ಸಹೋದರರು.

ಬೆಂಗಳೂರಿನ ಹುಡುಗರಿಗೆ ಅರವತ್ತರ ದಶಕದಲ್ಲೇ ಈ ಗೀಳು ಎಲ್ಲಿಂದ ಹತ್ತಿತು ಅಂತೀರಾ? ಬ್ರಿಟಿಷರು 1809ರಲ್ಲಿ ಇಲ್ಲಿ ದಂಡು ಕಟ್ಟಿದರು. ಹಲಸೂರಿನಿಂದ ಶಿವಾಜಿನಗರದವರೆಗಿನ ಆ ಊರಿನ ಆಡಳಿತವೇ ಬೇರೆ, ಪೇಟೆಯ ಆಡಳಿತವೇ ಬೇರೆ. ಎರಡೂ ಸೇರಿ ಒಂದು ನಗರಪಾಲಿಕೆಯಾದದ್ದು 1949ರಲ್ಲಿ. ಪಲ್ಟನ್ನಿನ ಬ್ಯಾಂಡು, ಚರ್ಚಿನ ಗಾಯನವೃಂದ, ಆಂಗ್ಲೋ ಇಂಡಿಯನ್ನರ ಮನೆಯ ಪಿಯಾನೋ ಇವೆಲ್ಲ ಒಂದೂವರೆ ಶತಮಾನ ಕಿವಿಗೆ ಬೀಳುತ್ತಿದ್ದ ಊರು ಅದು.

ಇನ್ನು ಆ ಹಾಡಿನ ಕಥೆ. ಅದು ಗ್ರಾಮಫೋನ್ ತಟ್ಟೆಯ ಹಿಂಬದಿಗೆಂದು ಮಾಡಿದ ಹಾಡು! ಮುಂಬದಿಗೆ ಅಂತ ಬಿದ್ದು ಆರಿಸಿಕೊಂಡಿದ್ದು ಲ್ಯಾರಿ ವೈಸ್ ಬರೆದ 'ಐ ವಾಂಟ್ ಟು ಗಿವ್ ಯು ಮೈ ಎವ್ರಿಥಿಂಗ್' ಎಂಬ ಪ್ರೇಮಗೀತೆಯನ್ನು. ಅದನ್ನು ಹಾಡಲು ಜಮೈಕಾದಲ್ಲಿ ಹುಟ್ಟಿದ ಕಾರ್ಲ್ ಡಗ್ಲಸ್‌ರನ್ನು ಕರೆಸಿದರು. 1972ರ 'ಎಂಬಸಿ' ಚಿತ್ರಕ್ಕೆ ಬಿದ್ದು ಸಂಗೀತ ಕೊಟ್ಟಾಗಲೇ ಡಗ್ಲಸ್ ಅದರಲ್ಲಿ ಹಾಡಿದ್ದರು, ಪರಿಚಯ ಹಳೆಯದು. ಸ್ಟುಡಿಯೋ ಸಿಕ್ಕಿದ್ದು ಮೂರು ಗಂಟೆ ಮಾತ್ರ. ಪ್ರೇಮಗೀತೆಗೇ ಎರಡು ಗಂಟೆ ದಾಟಿತು. ನಡುವೆ ಬಿಡುವು. ಹಿಂಬದಿಗೆ ಏನಾದರೂ ಬೇಕಲ್ಲ, ನಿಮ್ಮ ಹತ್ತಿರ ಬರೆದದ್ದು ಏನಿದೆ ಎಂದು ಬಿದ್ದು ಕೇಳಿದರು. ಡಗ್ಲಸ್ ತೋರಿಸಿದ ನಾಲ್ಕಾರು ಹಾಡುಗಳಲ್ಲಿ ಕುಂಗ್ ಫು ಮೇಲಿನದನ್ನು ಆರಿಸಿ, ಹೆಚ್ಚು ತಲೆ ಕೆಡಿಸಿಕೊಳ್ಳದೆ ರಾಗ ಕೂರಿಸಿದರು. ಉಳಿದಿದ್ದ ಕೊನೆಯ ಹತ್ತು ನಿಮಿಷಗಳಲ್ಲಿ, ಎರಡೇ ಸಲ ಹಾಡಿಸಿ ಮುಗಿಸಿದರು. ಹೇಗೂ ಹಿಂಬದಿಯ ಹಾಡು, ಯಾರು ಕೇಳುತ್ತಾರೆ ಎಂಬ ಧೈರ್ಯದಿಂದ ಆ ಹೂಂಕಾರಗಳನ್ನೂ ಕತ್ತಿಯೇಟಿನಂಥ ಸದ್ದುಗಳನ್ನೂ ಮನಸೋಇಚ್ಛೆ ತುಂಬಿದರು. ಆ ಬಿಡುಬೀಸೇ ಹಾಡಿನ ಜೀವ ಎಂದು ನನಗನ್ನಿಸುತ್ತದೆ. ಎಚ್ಚರದಿಂದ ಅಳೆದು ತೂಗಿ ಮಾಡಿದ್ದರೆ ಅದು ಅಷ್ಟು ಉಲ್ಲಾಸದ ಹಾಡಾಗುತ್ತಿರಲಿಲ್ಲ.

ತಟ್ಟೆಯ ಮಗ್ಗುಲು ಬದಲಿಸಿದ್ದು ಪೈ ರೆಕಾರ್ಡ್ಸ್ ಕಂಪನಿಯ ರಾಬಿನ್ ಬ್ಲಾಂಚ್‌ಫ್ಲವರ್. ಎರಡೂ ಹಾಡು ಕೇಳಿದ ಅವರು ಇದೇ ಮುಂಬದಿಗೆ ಬರಲಿ ಎಂದು ಪಟ್ಟು ಹಿಡಿದರು.

ಬಿಡುಗಡೆಯಾದ ಮೇಲೆ ಐದು ವಾರ ರೇಡಿಯೋದವರು ಅದನ್ನು ಮೂಸಿಯೂ ನೋಡಲಿಲ್ಲ. ಹಾಡನ್ನು ಎತ್ತಿ ಹಿಡಿದದ್ದು ನೃತ್ಯದ ಕ್ಲಬ್ಬುಗಳು. 1974ರ ಆಗಸ್ಟಿನಲ್ಲಿ ಬ್ರಿಟನ್ನಿನ ಪಟ್ಟಿಗೆ 42ನೇ ಸ್ಥಾನದಲ್ಲಿ ಕಾಲಿಟ್ಟು ಸೆಪ್ಟೆಂಬರಿಗೆ ಒಂದನೇ ಸ್ಥಾನ, ಡಿಸೆಂಬರಿಗೆ ಅಮೆರಿಕದಲ್ಲೂ ಒಂದನೇ ಸ್ಥಾನ. ಜಗತ್ತಿನಾದ್ಯಂತ 1.1 ಕೋಟಿ ತಟ್ಟೆಗಳು ಮಾರಾಟವಾದವು ಎಂಬುದು ಪ್ರಚಲಿತ ಲೆಕ್ಕ. ಬ್ರೂಸ್ ಲೀ ತೀರಿಕೊಂಡು ಒಂದು ವರ್ಷ ಕಳೆದಿತ್ತಷ್ಟೆ. 'ಎಂಟರ್ ದಿ ಡ್ರಾಗನ್' ನೋಡಿದ ಹುಡುಗರು ಊರೂರಲ್ಲಿ ಗಾಳಿಗೆ ಗುದ್ದುತ್ತಿದ್ದ ಕಾಲ.

ಮುಂಬದಿಯಿಂದ ಹಿಂಬದಿಗೆ ಸರಿದ ಲ್ಯಾರಿ ವೈಸ್ ಏನಾದರು? ಅವರೇ ಬರೆದ 'ರೈನ್‌ಸ್ಟೋನ್ ಕೌಬಾಯ್' ಗ್ಲೆನ್ ಕ್ಯಾಂಬೆಲ್ ಕಂಠದಲ್ಲಿ 1975ರಲ್ಲಿ ಅಮೆರಿಕದ ಒಂದನೇ ಸ್ಥಾನಕ್ಕೆ ಏರಿತು.

ಡಗ್ಲಸ್ ಬೇರೆ ಹಾಡೇ ಹಾಡಲಿಲ್ಲವೇ ಎಂದರೆ, ಹಾಡಿದರು. 'ಡ್ಯಾನ್ಸ್ ದಿ ಕುಂಗ್ ಫು', 1977ರ 'ರನ್ ಬ್ಯಾಕ್' ಎರಡೂ ಬ್ರಿಟನ್ನಿನ ಮೊದಲ ನಲವತ್ತರೊಳಗೆ ಬಂದಿವೆ. ಲಕ್ಷಾಂತರ ಗಾಯಕರಿಗೆ ಜನ್ಮವಿಡೀ ಸಿಗದ ಜಾಗ ಅದು. ಆದರೂ ಮೊದಲ ಹಾಡಿನ ಅಬ್ಬರದಲ್ಲಿ ಅವು ಯಾರಿಗೂ ಕೇಳಿಸಲಿಲ್ಲ. ಒಂದೇ ಹಾಡಿನವರು ಎಂದು ಹಣೆಪಟ್ಟಿ ಹಚ್ಚುವಾಗ ನಾವು ಮಾಡುವ ಅನ್ಯಾಯ ಇದು: ಹಾಡಿದವರು ನಿಲ್ಲಿಸಿರುವುದಿಲ್ಲ, ಕೇಳುವವರು ನಿಲ್ಲಿಸಿರುತ್ತಾರೆ.

ಬಿದ್ದು ಮಾತ್ರ ಒಂದಕ್ಕೆ ನಿಲ್ಲಲಿಲ್ಲ. 1976ರಲ್ಲಿ ಟೀನಾ ಚಾರ್ಲ್ಸ್ ಹಾಡಿದ 'ಐ ಲವ್ ಟು ಲವ್' ಬ್ರಿಟನ್ನಿನಲ್ಲಿ ಮೂರು ವಾರ ಮೊದಲ ಸ್ಥಾನದಲ್ಲಿತ್ತು, ನಿರ್ಮಾಣ ಅವರದೇ. ಈಗ ಕೇಳಿ: ಟೀನಾ ಅವರ ಹಿಮ್ಮೇಳದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದ ಟ್ರೆವರ್ ಹಾರ್ನ್ ಎಂಬ ಹುಡುಗ ಜೆಫ್ ಡೌನ್ಸ್ ಜೊತೆ ಸೇರಿ 'ಬಗಲ್ಸ್' ತಂಡ ಕಟ್ಟಿದ. 1979ರಲ್ಲಿ ಅವರದೊಂದು ಹಾಡು ಬಂತು, 'ವಿಡಿಯೋ ಕಿಲ್ಡ್ ದಿ ರೇಡಿಯೋ ಸ್ಟಾರ್'. ಜಗತ್ತು ಬಗಲ್ಸ್ ತಂಡವನ್ನು ಗುರುತಿಸುವುದು ಇವತ್ತಿಗೂ ಅದೊಂದರಿಂದಲೇ. 1981ರ ಆಗಸ್ಟ್ 1ರಂದು ಅಮೆರಿಕದಲ್ಲಿ ಎಂಟಿವಿ ಆರಂಭವಾದಾಗ ತೋರಿಸಿದ ಮೊಟ್ಟಮೊದಲ ವಿಡಿಯೋ ಅದೇ. ಅದರಲ್ಲಿ ಕೀಬೋರ್ಡ್ ಮುಂದೆ ಒಂದು ಕ್ಷಣ ಕಾಣಿಸುವ ತರುಣ ಹ್ಯಾನ್ಸ್ ಜಿಮ್ಮರ್, ಮುಂದೆ 'ಲಯನ್ ಕಿಂಗ್', 'ಗ್ಲೇಡಿಯೇಟರ್' ಚಿತ್ರಗಳಿಗೆ ಸಂಗೀತ ಕೊಟ್ಟವರು. ಆ ಬಗಲ್ಸ್ ಹಾಡಿನ ಧಾಟಿಯೇ ಬಪ್ಪಿ ಲಾಹಿರಿ ಕೈಗೆ ಸಿಕ್ಕಿ 1982ರ 'ಡಿಸ್ಕೋ ಡಾನ್ಸರ್'ನಲ್ಲಿ ಉಷಾ ಉತ್ತುಪ್ ಹಾಡಿದ 'ಔವಾ ಔವಾ' ಆಯಿತು. ಬೆಂಗಳೂರಿನಿಂದ ಹೊರಟ ಎಳೆ ಲಂಡನ್ ಸುತ್ತಿಕೊಂಡು ಮತ್ತೆ ನಮ್ಮ ಗಣೇಶೋತ್ಸವದ ಧ್ವನಿವರ್ಧಕಕ್ಕೇ ಬಂದು ಸೇರಿದ ದಾರಿ ಇದು. ಹಾರ್ನ್ ಮುಂದೆ ಬೇರೆಯವರಿಗೆ ಮಾಡಿಕೊಟ್ಟು ಗೆಲ್ಲಿಸಿದ ಹಾಡುಗಳು ಹತ್ತಾರು.

'ಕುರ್ಬಾನಿ' ಚಿತ್ರದ 'ಆಪ್ ಜೈಸಾ ಕೋಯಿ' ಇಬ್ಬರು ಬೆಂಗಳೂರಿನವರ ಕೂಸು, ಗೊತ್ತೇ? ರಾಗ ಬಿದ್ದು ಅವರದು. ಚಿತ್ರ ನಿರ್ಮಿಸಿ ನಿರ್ದೇಶಿಸಿದ ಫಿರೋಜ್ ಖಾನ್ ಹುಟ್ಟಿದ್ದು 1939ರಲ್ಲಿ ಬೆಂಗಳೂರಿನಲ್ಲೇ. ಅವರೂ ಬಿಷಪ್ ಕಾಟನ್‌ನಲ್ಲಿ ಓದಿದವರು, ಜೊತೆಗೆ ಫ್ರೇಜರ್ ಟೌನಿನ ಸೇಂಟ್ ಜರ್ಮೇನ್ಸ್ ಶಾಲೆಯಲ್ಲೂ. ಹಾಡಿದ ನಾಜಿಯಾ ಹಸನ್ ಲಂಡನ್ನಿನಲ್ಲಿ ಬೆಳೆದ ಪಾಕಿಸ್ತಾನಿ ಹುಡುಗಿ, ಶಾಲೆಗೆ ಹೋಗುವ ವಯಸ್ಸು. ಚಿತ್ರದ ಉಳಿದ ಹಾಡುಗಳಿಗೆಲ್ಲ ಕಲ್ಯಾಣ್‌ಜಿ ಆನಂದ್‌ಜಿ ಸಂಗೀತ, ಬಿದ್ದು ಅವರದು ಇದೊಂದೇ. 1980ರಲ್ಲಿ ಚಿತ್ರ ಬಂತು. ಮರುವರ್ಷ ನಾಜಿಯಾ 15ರ ಹರೆಯದಲ್ಲೇ ಆ ಹಾಡಿಗೆ ಫಿಲಂಫೇರ್ ಪ್ರಶಸ್ತಿ ಪಡೆದರು. 'ಡಿಸ್ಕೋ ದೀವಾನೆ'ಯನ್ನೂ ಅವರೇ ಹಾಡಿದರೂ ಬಹಳ ಮಂದಿಗೆ ನೆನಪಿರುವುದು ಕುರ್ಬಾನಿಯದೇ. 2000ದಲ್ಲಿ, 35ರ ವಯಸ್ಸಿಗೆ, ಕ್ಯಾನ್ಸರ್ ಅವರನ್ನು ಕರೆದೊಯ್ದಿತು. ಫಿರೋಜ್ ಖಾನ್ ತಮ್ಮ ಕೊನೆಯ ದಿನಗಳಿಗೆ ಬೆಂಗಳೂರಿಗೇ ಮರಳಿದರು. 2009ರ ಏಪ್ರಿಲಿನಲ್ಲಿ ತೀರಿಕೊಂಡಾಗ ಹೊಸೂರು ರಸ್ತೆಯ ಖಬರಸ್ತಾನದಲ್ಲಿ, ತಾಯಿಯ ಸಮಾಧಿಯ ಹತ್ತಿರ, ಅವರನ್ನು ಮಣ್ಣು ಮಾಡಿದರು.

ಅಲೀಷಾ ಚಿನಾಯ್ ಅವರ 'ಮೇಡ್ ಇನ್ ಇಂಡಿಯಾ' (1995) ಕೂಡ ಬಿದ್ದು ಅವರದು. ಮೊದಲು ಅದನ್ನು ನಾಜಿಯಾಗೆಂದು ಹೊಸೆದಿದ್ದರು. ತಮ್ಮ ದೇಶದವರಿಗೆ ನೋವಾಗಬಹುದು ಎಂದು ಆಕೆ ಒಲ್ಲೆ ಎಂದರು. 2010ರಲ್ಲಿ ಬಂದ ಬಿದ್ದು ಅವರ ಆತ್ಮಕಥೆಗೂ ಅದೇ ಹೆಸರು.

1974 ಕನ್ನಡಿಗರಿಗೂ ಮರೆಯಬಾರದ ವರ್ಷ. ಲಂಡನ್ನಿನಲ್ಲಿ ಆ ಹತ್ತು ನಿಮಿಷದ ಕುಂಗ್ ಫು ಹಾಡು ಹುಟ್ಟಿದ ವರ್ಷವೇ ಇಲ್ಲಿ 'ಸಂಪತ್ತಿಗೆ ಸವಾಲ್' ತೆರೆಕಂಡಿತು. ಎಮ್ಮೆಯ ಮೇಲೆ ಕೂತು ರಾಜ್‌ಕುಮಾರ್ ಹಾಡಿದ ಆ ಒಂದು ಹಾಡು ಅವರನ್ನು ಪೂರ್ಣಾವಧಿ ಗಾಯಕರನ್ನಾಗಿ ಮಾಡಿತು.

ಅಣ್ಣಾವ್ರು ಪೂರ್ತಿ ಇಂಗ್ಲಿಷಿನಲ್ಲಿ ಹಾಡಿದ್ದೂ ಉಂಟು. 1978ರ 'ಆಪರೇಷನ್ ಡೈಮಂಡ್ ರಾಕೆಟ್' ಚಿತ್ರದ 'ಇಫ್ ಯು ಕಮ್ ಟುಡೇ'. ದೊರೆ–ಭಗವಾನ್ ನಿರ್ದೇಶನ, ಜಿ.ಕೆ. ವೆಂಕಟೇಶ್ ಸಂಗೀತ. ಸಿಐಡಿ 999 ಸರಣಿಯ ನಾಲ್ಕನೆಯ ಚಿತ್ರ ಅದು. ದಶಕಗಳ ನಂತರ ಮೊಬೈಲ್ ವಿಡಿಯೋಗಳ ಕಾಲದಲ್ಲಿ ಆ ಹಾಡು ಮತ್ತೆ ಎದ್ದು, ಕನ್ನಡವೇ ಗೊತ್ತಿಲ್ಲದ ಊರುಗಳಿಗೂ ಹೋಯಿತು. ಗಾಜನೂರಿನಿಂದ ಬಂದ, ಶಾಲೆ ಹೆಚ್ಚು ಕಾಣದ ಕಲಾವಿದ ಇಂಗ್ಲಿಷ್ ಪದಗಳ ಮೇಲೆ ಅಷ್ಟು ನಿರಾಯಾಸವಾಗಿ ನಡೆದದ್ದನ್ನು ಕೇಳುವಾಗ ನನಗೆ ಹೆಮ್ಮೆಯಾಗುತ್ತದೆ. ಕನ್ನಡದ ನೂರಾರು ಹಾಡುಗಳ ಒಡೆಯ ಹೊರಗಿನ ಹುಡುಗರಿಗೆ 'ಒಂದೇ ಹಾಡಿನವರು' ಆಗಿಬಿಟ್ಟಿದ್ದಾರೆ. ಅದನ್ನು ಕೇಳಿ ಒಬ್ಬರಾದರೂ ಮುಂದಿನ ಹಾಡಿಗೆ ಬಂದರೆ ಒಳ್ಳೆಯದೇ.

ತಿರುಗಿಸಿ ನೋಡಿದರೆ, ಮೊಹಮ್ಮದ್ ರಫಿ ನಮಗೆ ಒಂದೇ ಹಾಡಿನವರು! ಕನ್ನಡದಲ್ಲಿ ಅವರು ಹಾಡಿದ್ದು 1967ರ 'ಒಂದೇ ಬಳ್ಳಿಯ ಹೂಗಳು' ಚಿತ್ರದ 'ನೀನೆಲ್ಲಿ ನಡೆವೆ ದೂರ' ಮಾತ್ರ. ಗೀತಪ್ರಿಯ ಬರೆದದ್ದು, ಸತ್ಯಂ ಸಂಗೀತ. ಕಿಶೋರ್ ಕುಮಾರ್ ಅವರದೂ ಒಂದೇ, 1972ರ 'ಕುಳ್ಳ ಏಜೆಂಟ್ 000'ದ 'ಆಡೂ ಆಟ ಆಡೂ'. ದ್ವಾರಕೀಶ್‌ಗಾಗಿ, ರಾಜನ್–ನಾಗೇಂದ್ರ ಸಂಗೀತದಲ್ಲಿ. ಲತಾ ಮಂಗೇಶ್ಕರ್ ಒಂದೇ ಕನ್ನಡ ಚಿತ್ರಕ್ಕೆ ಬಂದರು, 1967ರ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ'. ಇವುಗಳಲ್ಲಿ ನನ್ನ ಓಟು ರಫಿಗೆ. ಗೊತ್ತಿಲ್ಲದ ಭಾಷೆಯನ್ನು ಅವರು ಎಷ್ಟು ಮೆತ್ತಗೆ ಮುಟ್ಟಿದ್ದಾರೆಂದರೆ, ಅಲ್ಲಲ್ಲಿ ಇಣುಕುವ ಉರ್ದುವಿನ ನಯವೂ ಆ ದುಃಖಕ್ಕೆ ಒಪ್ಪುತ್ತದೆ. ಉರ್ದು, ತಮಿಳು, ಕನ್ನಡ ಒಂದೇ ಓಣಿಯಲ್ಲಿ ಓಡಾಡುವ ಶಿವಾಜಿನಗರದ ಕಿವಿಗಂತೂ ಅದು ಪರಕೀಯ ಎನಿಸಲಾರದು.

ಹಾಡುಗಾರಿಕೆಗೆ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡಿಗ ಶಿವಮೊಗ್ಗ ಸುಬ್ಬಣ್ಣ. ಚಂದ್ರಶೇಖರ ಕಂಬಾರರು ನಿರ್ದೇಶಿಸಿದ 'ಕಾಡು ಕುದುರೆ'ಯ ಶೀರ್ಷಿಕೆಯ ಹಾಡಿಗೆ. ಸಿನಿಮಾದವರಿಗೆ ಅವರು ಅದೊಂದೇ ಹಾಡು. ಭಾವಗೀತೆ ಕೇಳುವವರಿಗೆ ಒಂದು ಯುಗ. ವಕೀಲರಾಗಿದ್ದುಕೊಂಡೇ ಕುವೆಂಪು, ಬೇಂದ್ರೆಯವರನ್ನು ಮನೆಮನೆಗೆ ಮುಟ್ಟಿಸಿದ ಆ ಕಂಠ 2022ರ ಆಗಸ್ಟಿನಲ್ಲಿ ನಿಂತಿತು.

2018ರಲ್ಲಿ ಎರಡು ಜಾನಪದ ಕಂಠಗಳು ಕರ್ನಾಟಕವನ್ನೆಲ್ಲ ಕುಣಿಸಿದವು. 'ರ‍್ಯಾಂಬೋ 2' ಚಿತ್ರದ 'ಚುಟು ಚುಟು' ಹಾಡಿದ ರವೀಂದ್ರ ಸೊರಗಾವಿ ಉತ್ತರ ಕರ್ನಾಟಕದಲ್ಲಿ ಅದಕ್ಕೂ ಮುಂಚೆಯೇ ಹೆಸರಾದ ಜಾನಪದ ಗಾಯಕರು. 'ಟಗರು ಬಂತು ಟಗರು' ಹಾಡಿದ ಆಂಥೊನಿ ದಾಸನ್ ತಮಿಳುನಾಡಿನ ಜಾನಪದ ಗಾಯಕರು, ಸಂಗೀತ ಚರಣ್ ರಾಜ್ ಅವರದು. ನಗರದವರಿಗೆ ಇಬ್ಬರೂ ಒಂದೊಂದು ಹಾಡು. ಜಾತ್ರೆಯ ವೇದಿಕೆಗಳಲ್ಲಿ ಇಡೀ ರಾತ್ರಿ ಹಾಡಬಲ್ಲವರನ್ನು ನಾಲ್ಕು ನಿಮಿಷಕ್ಕೆ ಕಟ್ಟಿಹಾಕಿದ್ದು ನಾವು.

ಬೆಂಗಳೂರಿನ ಇಂದಿರಾನಗರದ 12ನೇ ಮೇನ್‌ನಲ್ಲಿ 'ಹಮಿಂಗ್ ಟ್ರೀ' ಎಂಬ ಜಾಗವಿತ್ತು. 2013ರಿಂದ 2019ರವರೆಗೆ, ಸ್ವಂತ ಹಾಡು ಕಟ್ಟುವ ತಂಡಗಳಿಗೆ ಅದೊಂದು ಮನೆ. ಒಂದು ಹಾಡೂ ಪಟ್ಟಿ ಹತ್ತದ ತಂಡಗಳಿಗೂ ಅಲ್ಲಿ ಕೇಳುಗರು ಸಿಗುತ್ತಿದ್ದರು. ಅಂಥ ಜಾಗ ಮುಚ್ಚಿದರೆ ನಷ್ಟ ದೊಡ್ಡದು, ಏಕೆಂದರೆ ಗೆಲ್ಲುವ ಒಂದು ಹಾಡು ಗೆಲ್ಲದ ನೂರು ಹಾಡುಗಳ ನಡುವೆಯೇ ಹುಟ್ಟಬೇಕು.

ಕೊನೆಯದಾಗಿ, ಇನ್ನೂ ನಡೆಯುತ್ತಿರುವ ಕಥೆ. ಕೇರಳದಲ್ಲಿ ಹುಟ್ಟಿ, ಹ್ಯೂಸ್ಟನ್‌ನಲ್ಲಿ ಬೆಳೆದು, ಬೆಂಗಳೂರಿನಲ್ಲಿ ನೌಕರಿ ಮಾಡುತ್ತಲೇ ರ‍್ಯಾಪ್ ಹಾಡಲು ತೊಡಗಿದ ಹನುಮಾನ್‌ಕೈಂಡ್ ಅವರ 'ಬಿಗ್ ಡಾಗ್ಸ್' 2024ರ ಜುಲೈಯಲ್ಲಿ ಬಂತು. ಚಿತ್ರೀಕರಣ ನಡೆದದ್ದು ಜಾತ್ರೆಗಳಲ್ಲಿ ಕಾಣುವ ಮೃತ್ಯುಕೂಪದೊಳಗೆ, ಗೋಡೆಯ ಮೇಲೆ ಬೈಕು ಕಾರು ಓಡುತ್ತಿರುವಾಗ ನಟ್ಟನಡುವೆ ನಿಂತು. ಹಾಡು ಬಿಲ್‌ಬೋರ್ಡ್‌ನ ಮುಖ್ಯ ಪಟ್ಟಿಯಲ್ಲಿ 23ನೇ ಸ್ಥಾನಕ್ಕೇರಿತು. ಇವರೂ ಒಂದೇ ಹಾಡಿನವರೇ ಎಂದು ಆಗಲೇ ಕೇಳತೊಡಗಿದ್ದರು. 2025ರ ಮಾರ್ಚಿನಲ್ಲಿ 'ರನ್ ಇಟ್ ಅಪ್' ಬಂತು, ಕಳರಿಪಯಟ್ಟು, ಪಂಜಾಬಿನ ಗತ್ಕಾ, ಮಣಿಪುರದ ಥಾಂಗ್-ತಾ ಪಟುಗಳನ್ನು ಜೊತೆಗೆ ಕರೆದುಕೊಂಡು. ಮರುತಿಂಗಳು ಕ್ಯಾಲಿಫೋರ್ನಿಯಾದ ಕೋಚೆಲ್ಲಾ ಉತ್ಸವದಲ್ಲಿ ಅವರು ವೇದಿಕೆ ಹತ್ತಿದ್ದು ಚೆಂಡೆ ಮೇಳದ ಸಮೇತ.