ಗಲಾಟೆ: ಪದ ಒಂದು, ಅರ್ಥ ಹಲವು

ನಮ್ಮ ಮನೆಮಾತು ಉರ್ದು. ಆದರೂ ತಮ್ಮ, ತಂಗಿ ಕಿರುಚಾಡಿದರೆ ಅಮ್ಮಿ ಗದರುವುದು 'ಗಲಾಟಾ ನಕ್ಕೋ ಕರೋ' ಎಂದೇ. ಪುಸ್ತಕದ ಉರ್ದುವಿನಲ್ಲಿ ಶೋರ್, ಹಂಗಾಮಾ ಎಂಬ ಪದಗಳಿವೆ. ದಕ್ಖನಿ ಮಾತಾಡುವ ನಮಗೆ ಗಲಾಟೆಯೇ ಹತ್ತಿರ. ತಮಿಳು, ತೆಲುಗಿನಲ್ಲೂ ಈ ಪದ ಇದೆ. ಹಾಗೆಯೇ ಅರಬ್ಬಿಯಲ್ಲಿ 'ಪುನರಾವರ್ತನೆ' ಎಂಬ ಅರ್ಥವಿರುವ 'ತಕರಾರ್' ಉರ್ದುವಿನಲ್ಲಿ ಜಗಳವಾಗಿ, ಕನ್ನಡದಲ್ಲಿ ಆಕ್ಷೇಪಣೆಯ 'ತಕರಾರು' ಆಗಿದೆ.

ಗಲಾಟೆಗೆ ಅಳತೆಯೇ ಇಲ್ಲ. ಮದುವೆ ಮನೆಯ ಗದ್ದಲವೂ ಗಲಾಟೆ, ಲೆಕ್ಚರರ್ ಬರುವ ಮುಂಚಿನ ತರಗತಿಯೂ ಗಲಾಟೆ, ಬಸ್ ಸ್ಟ್ಯಾಂಡಿನಲ್ಲಿ ತಲೆ ಒಡೆದರೂ ಗಲಾಟೆ. ತೊಂದರೆ ಇಲ್ಲೇ ಇದೆ. 'ಆ ಕಾಲೇಜಿನ ಹುಡುಗರು ಗಲಾಟೆ ಮಾಡಿದರಂತೆ' ಎಂದು ಯಾರೋ ಹೇಳಿದರೆ, ಕ್ರಿಕೆಟ್ ಗೆದ್ದು ಕೂಗಿದ್ದೋ, ಕೈ ಮಾಡಿದ್ದೋ ಕೇಳುವವರಿಗೆ ತಿಳಿಯುವುದಿಲ್ಲ. ಹೆಸರು ಮಾತ್ರ ಕೆಡುತ್ತದೆ. ಒಬ್ಬನೇ ಹೊಡೆದು ಇನ್ನೊಬ್ಬ ಬರೀ ಪೆಟ್ಟು ತಿಂದಿದ್ದರೂ 'ಇಬ್ಬರ ಗಲಾಟೆ' ಎಂದರೆ ತಪ್ಪು ಸಮಪಾಲಾಗುತ್ತದೆ.

ಬೇರೆ ಪದಗಳು ನಮ್ಮಲ್ಲೇ ಇವೆ. ಮಾತಿಗೆ ಮಾತು ಬೆಳೆದರೆ ವಾಗ್ವಾದ. ಇಬ್ಬರೂ ಕೈ ಎತ್ತಿದರೆ ಹೊಡೆದಾಟ. ಒಬ್ಬ ಇನ್ನೊಬ್ಬನ ಮೇಲೆ ಬಿದ್ದರೆ ಹಲ್ಲೆ. ಕುರ್ಚಿ, ಗಾಜು ಒಡೆದರೆ ದಾಂಧಲೆ. ಗುಂಪು ಹಿಂಸೆಗೆ ಇಳಿದರೆ ದೊಂಬಿ.

ಕಾನೂನೂ ಹೀಗೆ ಬೇರ್ಪಡಿಸುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 194ನೇ ಕಲಮಿನಂತೆ, ಇಬ್ಬರು ಅಥವಾ ಹೆಚ್ಚು ಮಂದಿ ಸಾರ್ವಜನಿಕ ಸ್ಥಳದಲ್ಲಿ ಹೊಡೆದಾಡಿ ಶಾಂತಿ ಕದಡಿದರೆ ಒಂದು ತಿಂಗಳವರೆಗೆ ಜೈಲು, 1,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಐದು ಅಥವಾ ಹೆಚ್ಚು ಮಂದಿಯ ಅಕ್ರಮ ಕೂಟದಲ್ಲಿ ಯಾರಾದರೂ ಕೂಟದ ಉದ್ದೇಶಕ್ಕಾಗಿ ಹಿಂಸೆ ಮಾಡಿದರೆ ಅದು 191ನೇ ಕಲಮಿನ ದೊಂಬಿ. ಎರಡು ವರ್ಷದವರೆಗೆ ಜೈಲು. ಹೊಡೆದವನಷ್ಟೇ ಅಲ್ಲ, ಕೂಟದ ಪ್ರತಿ ಸದಸ್ಯನೂ ಅಪರಾಧಿ. 'ಬಾರೋ, ಸ್ವಲ್ಪ ಗಲಾಟೆ ಇದೆ' ಎಂದು ಗೆಳೆಯ ಕರೆದಾಗ ಇದು ನೆನಪಿರಲಿ.

ಅಕೌಂಟೆನ್ಸಿಯಲ್ಲಿ ಎಲ್ಲವನ್ನೂ 'ಇತರೆ ಖರ್ಚು' ಎಂದು ಬರೆದರೆ ಮೊತ್ತವೇನೋ ಸರಿಹೋಗುತ್ತದೆ, ಹಣ ಎಲ್ಲಿ ಹೋಯಿತು ತಿಳಿಯುವುದಿಲ್ಲ. ಗಲಾಟೆಯೂ ಅಂಥದೇ ಖಾತೆ. ಮನೆಯಲ್ಲಿ, ಆಟದಲ್ಲಿ ಧಾರಾಳವಾಗಿ ಬಳಸೋಣ. ಪ್ರಿನ್ಸಿಪಾಲರ ಮುಂದೆಯೋ ಪೊಲೀಸರ ಮುಂದೆಯೋ ನಿಂತು ಹೇಳಬೇಕಾದಾಗ ಮಾತ್ರ ಯಾರು, ಯಾರಿಗೆ, ಏನು ಮಾಡಿದರು ಎಂದು ಬಿಡಿಸಿ ಹೇಳೋಣ.