ಮಗು ಪದೇಪದೇ ಕಣ್ಣುಜ್ಜುತ್ತಿದೆಯೇ?

ಕುರ್‌ಆನ್ ಓದುವಾಗ ಅಕ್ಷರಗಳ ಚುಕ್ಕಿಗಳು ಎರಡೆರಡಾಗಿ ಕಾಣುತ್ತವೆಂದು ಮಗಳು ಹೇಳಿದರೆ, ಓದಲು ಸೋಮಾರಿತನ ಎಂದು ಗದರಿಸುವ ತಾಯಂದಿರಿದ್ದಾರೆ. ಕನ್ನಡಕ ಕೊಡಿಸಿದರೂ ಕೆಲವೇ ತಿಂಗಳಲ್ಲಿ ನಂಬರ್ ಬದಲಾಗುತ್ತದೆ. ಅದರಲ್ಲೂ 'ಸಿಲಿಂಡರ್' ನಂಬರ್ ಏರುತ್ತಲೇ ಇದ್ದರೆ ಕೆರಟೋಕೋನಸ್ ಎಂಬ ರೋಗವನ್ನು ಶಂಕಿಸಬೇಕು.

ಕಣ್ಣಿನ ಮುಂಭಾಗದ ಪಾರದರ್ಶಕ ಪದರವೇ ಕಾರ್ನಿಯಾ. ಗುಮ್ಮಟದಂತೆ ದುಂಡಗಿರಬೇಕಾದ ಅದು ಈ ರೋಗದಲ್ಲಿ ತೆಳುವಾಗಿ, ಶಂಕುವಿನಂತೆ ಮುಂದಕ್ಕೆ ಉಬ್ಬುತ್ತದೆ. ಸಾಮಾನ್ಯವಾಗಿ ಹದಿಹರೆಯದಲ್ಲಿ ಆರಂಭ. ಅಲರ್ಜಿಯ ತುರಿಕೆಯಿಂದ ಸದಾ ಕಣ್ಣುಜ್ಜುವ ಮಕ್ಕಳಿಗೆ ಅಪಾಯ ಹೆಚ್ಚು. ಮನೆತನದಲ್ಲಿ ಯಾರಿಗಾದರೂ ಇದ್ದರೂ ಎಚ್ಚರ ಬೇಕು. ರಕ್ತಸಂಬಂಧದ ಮದುವೆಗೂ ಇದಕ್ಕೂ ನಂಟಿರುವುದನ್ನು ಕೆಲವು ಅಧ್ಯಯನಗಳು ತೋರಿಸಿವೆ.

ಆರಂಭದಲ್ಲಿ ಇದು ಬರಿಗಣ್ಣಿಗೆ ಕಾಣದು. ಕಾರ್ನಿಯಾದ ಆಕಾರ ಅಳೆಯುವ ಟೋಪೋಗ್ರಫಿ ಯಂತ್ರ ಬಹಳ ದುಬಾರಿ. ಹಳ್ಳಿಗೆ ಹೊತ್ತೊಯ್ಯುವಂಥದ್ದೂ ಅಲ್ಲ.

ಇದಕ್ಕೊಂದು ದಾರಿ ಹುಡುಕಿದವರು ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನ ಸಂಶೋಧಕರು ಮತ್ತು ಶಂಕರ ಕಣ್ಣಿನ ಆಸ್ಪತ್ರೆಯ ವೈದ್ಯರು. 2021ರಲ್ಲಿ ಪ್ರಕಟಿಸಿದ ತಮ್ಮ ಸಾಧನಕ್ಕೆ ಅವರಿಟ್ಟ ಹೆಸರು 'ಸ್ಮಾರ್ಟ್‌ಕೆಸಿ'. ಸ್ಮಾರ್ಟ್‌ಫೋನಿನ ಕ್ಯಾಮೆರಾದ ಮುಂದೆ ಉಂಗುರಗಳಿರುವ ಒಂದು ಪುಟ್ಟ ಪ್ಲಾಸ್ಟಿಕ್ ಸಲಕರಣೆ, ಎಲ್‌ಇಡಿ ಬೆಳಕು, ಒಂದು ಆ್ಯಪ್. ಅಷ್ಟೇ! ಹೊಳೆಯುವ ಸ್ಟೀಲ್ ಲೋಟ ಸ್ವಲ್ಪ ನಗ್ಗಿದ್ದರೂ ಅದರಲ್ಲಿ ಮುಖ ಸೊಟ್ಟಗೆ ಕಾಣುವುದಿಲ್ಲವೇ? ಹಾಗೆಯೇ ಕಾರ್ನಿಯಾದ ಆಕಾರ ಕೆಟ್ಟಿದ್ದರೆ ಅದರ ಮೇಲೆ ಬೀಳುವ ಉಂಗುರಗಳ ಬಿಂಬವೂ ಸೊಟ್ಟಗಾಗುತ್ತದೆ. ಪೋರ್ಚುಗಲ್‌ನ ವೈದ್ಯ ಪ್ಲಾಸಿಡೊ 1880ರ ಸುಮಾರಿಗೇ ಬಳಸಿದ ಉಪಾಯವಿದು. ಫೋನು ಈಗ ಅದಕ್ಕೆ ಲೆಕ್ಕಾಚಾರವನ್ನು ಸೇರಿಸಿದೆ.

101 ಕಣ್ಣುಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಅದು ರೋಗವಿದ್ದ ಕಣ್ಣುಗಳಲ್ಲಿ ಶೇ. 87.8ನ್ನು ಪತ್ತೆ ಹಚ್ಚಿತು. ರೋಗವಿಲ್ಲದವುಗಳಲ್ಲಿ ಶೇ. 80.4ನ್ನು ಸರಿಯಾಗಿ ಗುರುತಿಸಿತು. ಅಂದರೆ ತಪ್ಪುವುದೂ ಉಂಟು. ಫೋನು ವೈದ್ಯರಲ್ಲ; ಯಾರು ವೈದ್ಯರ ಬಳಿ ಹೋಗಲೇಬೇಕೆಂದು ಸೂಚಿಸುವುದಷ್ಟೇ ಅದರ ಕೆಲಸ.

ಬೇಗ ತಿಳಿಯುವುದೇ ಇಲ್ಲಿ ಮುಖ್ಯ. ಕಣ್ಣಿಗೆ ರೈಬೋಫ್ಲೇವಿನ್ (ಬಿ2 ವಿಟಮಿನ್) ಹನಿ ಹಾಕಿ ಅತಿನೇರಳೆ ಕಿರಣ ಹಾಯಿಸುವ 'ಕ್ರಾಸ್‌ಲಿಂಕಿಂಗ್' ಚಿಕಿತ್ಸೆಯು ಹೆಚ್ಚಿನವರಲ್ಲಿ ರೋಗ ಮುಂದುವರಿಯುವುದನ್ನು ತಡೆಯುತ್ತದೆ. ಆದರೆ ಕೆಟ್ಟ ಆಕಾರವನ್ನು ಪೂರ್ತಿ ಸರಿಪಡಿಸದು. ತೀರಾ ತಡವಾದರೆ ದಾನಿಯ ಕಾರ್ನಿಯಾ ಜೋಡಿಸಬೇಕಾದೀತು. ಕನ್ನಡಕದ ಹುಡುಗಿಗೆ ಸಂಬಂಧ ಕೂಡಿಬಾರದೆಂಬ ಭಯದಿಂದ ಮಗಳ ದೃಷ್ಟಿದೋಷವನ್ನು ಮುಚ್ಚಿಡುವ ಮನೆಗಳಲ್ಲಿ ಕಳೆದುಹೋಗುವುದು ಈ ಅಮೂಲ್ಯ ಸಮಯವೇ.

ಮಗುವಿಗೆ ಕಣ್ಣು ತುರಿಸಿದರೆ ಉಜ್ಜಲು ಬಿಡದೆ ತಣ್ಣೀರಿನಲ್ಲಿ ಅದ್ದಿದ ಶುದ್ಧ ಬಟ್ಟೆ ಇಡಿ. ಅಂಗಡಿಯಿಂದ ಸ್ಟಿರಾಯ್ಡ್ ಹನಿ ತಂದು ಹಾಕಬೇಡಿ. ಹಳೆಯ ಕನ್ನಡಕದ ಚೀಟಿಗಳನ್ನು ಎಸೆಯದೆ ಕಣ್ಣಿನ ವೈದ್ಯರಿಗೆ ತೋರಿಸಿ. ನಂಬರ್ ಎಷ್ಟು ಬೇಗ ಏರಿದೆಯೆಂದು ಅವುಗಳಿಂದಲೇ ಅವರಿಗೆ ತಿಳಿಯುತ್ತದೆ.